ಕೋಟನೂರಿನಿಂದ ಒಂದು ತಾಂಡಕ್ಕೆ

ಕಲಬುರಗಿಯಿಂದ ಜೇವರ್ಗಿಯ ಮಾರ್ಗವಾಗಿ ಹೊರಟವರಿಗೆ ನಗರ ಮುಗಿಯಿತು ಎನ್ನುವಷ್ಟರಲ್ಲಿ ಸಿಕ್ಕುತ್ತಿದ್ದ ಊರು ಕೋಟನೂರ. ಈಗ ನಗರವೇ ಊರನ್ನು ಅರಸಿಕೊಂಡು ಬಂದಿದೆ. ಹೊಲಗಳಿದ್ದೆಡೆಯಲ್ಲಿ ಬಡಾವಣೆಗಳು ಎದ್ದಿವೆ. ಅಂಥದೊಂದರಲ್ಲಿ ಬಾಡಿಗೆಯ ಮನೆ ಹಿಡಿದು ನಾನು ವಾಸವಾಗಿರುವೆನು. ಹಾಸನದ ಕಡೆಯಿಂದ ಬಂದ ನನ್ನನ್ನು ಹಾಲಿನವನು ಮೊದಲ ದಿನವೇ ಕೇಳಿದ: “ನೀವು ಯಾ ಕಡಿಯವರ್ರಿ?” ಕನ್ನಡ ಕಲಿಸಲೆಂದು ಬಂದವನ ಕನ್ನಡವೇ ಅವನಿಗೆ ಪರಸ್ಥಳದ್ದಾಗಿ ಕೇಳಿಸಿತ್ತು!

ಎದುರಿನ ನಿವೇಶನದಲ್ಲಿ ಗೋಡೆ ಕಟ್ಟುತ್ತಿದ್ದ ಗೌಂಡಿ ನನ್ನ ವಿದ್ಯಾರ್ಥಿಯೊಬ್ಬನ ತಂದೆಯೆಂಬುದು ತಡವಾಗಿ ತಿಳಿಯಿತು. ಕಮಲಾಪುರದ ಕಡೆಯ ತಾಂಡದವರು, ಲಂಬಾಣಿಗರು. “ನಮ್ಮಪ್ಪ ಕೋಟನೂರಾಗ ಎಷ್ಟೋ ಮನಿ ಕಟ್ಟ್ಯಾನ್ರಿ ಸರ್, ಎಲ್ಲಾಕೂ ಕಾಗದ ಅದ. ನಮ್ಮ ಮನಿಗೇ ಇದ್ದಿಲ್ಲ” ಎಂದು ಹುಡುಗ ನಗುತ್ತಲೇ ಹೇಳಿದ. ಆ ಮಾತು ಮನಸ್ಸಿನಲ್ಲಿ ಉಳಿದು, ಒಂದು ಭಾನುವಾರ ಅವನೊಡನೆ ತಾಂಡಕ್ಕೆ ಹೊರಟೆ.

ದಾರಿಯಲ್ಲಿ ನಗರದ ಕೋಟೆಯನ್ನು ಹೊಕ್ಕೆವು. ಒಳಗಿನ ಜಾಮಿ ಮಸೀದಿ ೧೩೬೭ರದು. ಅಂಗಳವೇ ಇಲ್ಲದೆ, ಇಡೀ ಕಟ್ಟಡ ಗುಮ್ಮಟಗಳ ಸಾಲಿನ ಅಡಿಯಲ್ಲಿ ತಣ್ಣಗೆ ನಿಂತಿದೆ. ಅದನ್ನು ಕಟ್ಟಿದ ರಫೀ ಎಂಬಾತ ಪರ್ಶಿಯದ ಕಜ್ವೀನಿನವನು. ಇದೇ ನಗರದ ದರ್ಗಾದಲ್ಲಿ ಮಲಗಿರುವ ಬಂದೇನವಾಜರೂ ತೈಮೂರನ ದಾಳಿಯ ಕಾಲದಲ್ಲಿ ದೆಹಲಿಯನ್ನು ತೊರೆದು, ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ ಇಲ್ಲಿಗೆ ಬಂದವರು. ೧೪೨೨ರಲ್ಲಿ ಇಲ್ಲಿಯೇ ತೀರಿಕೊಂಡರು. ಬಂದವರೆಲ್ಲರಿಗೂ ಇಂಥ ಆದರ ದೊರೆಯಿತೆಂದಲ್ಲ. ನೆಲೆನಿಂತ ದಖ್ಖನಿಗಳಿಗೂ ಹೊಸದಾಗಿ ಬಂದ ಆಫಾಕಿಗಳಿಗೂ ಬಹಮನಿ ದರ್ಬಾರಿನಲ್ಲಿ ನಡೆದ ಹಗೆತನ, ೧೪೮೧ರಲ್ಲಿ ಮಂತ್ರಿ ಮಹಮೂದ್ ಗವಾನನ ತಲೆಯನ್ನೇ ತೆಗೆಯಿತು. ಒಳಗಿನವರು ಯಾರು, ಹೊರಗಿನವರು ಯಾರು ಎಂಬ ತಕರಾರು ಈ ಸೀಮೆಗೆ ಹೊಸದಲ್ಲ.

ಲಂಬಾಣಿಗರ ಬರವು ಬೇರೆಯ ಬಗೆಯದು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶ ಸುತ್ತುತ್ತಿದ್ದ ಇವರು ಹದಿನೇಳನೆಯ ಶತಮಾನದಲ್ಲಿ ಮೊಗಲರ ದಂಡುಗಳಿಗೆ ದವಸ ಒದಗಿಸುತ್ತ ದಖ್ಖನಿಗೆ ಇಳಿದರು. ರಸ್ತೆ, ರೈಲು ಬಂದ ಮೇಲೆ ಎತ್ತಿನ ಹೇರಿಗೆ ಬೆಲೆ ಹೋಯಿತು. ಅಲೆಯುವ ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿದ ೧೮೭೧ರ ಕಾಯಿದೆಯ ಕಳಂಕ ಅನೇಕ ಕಡೆ ಇವರಿಗೂ ತಟ್ಟಿತು; ಅದು ರದ್ದಾದದ್ದು ೧೯೫೨ರಲ್ಲಿ. ಊರಿನಾಚೆ, ಸರಕಾರದ ಅಥವಾ ಯಾರದೋ ಜಮೀನಿನಲ್ಲಿ ಇವರು ಗುಡಿಸಲು ಹಾಕಿದರು. ಗುಡಿಸಲು ಮನೆಯಾಯಿತು, ಮನೆಗಳು ತಾಂಡವಾದವು. ಕಂದಾಯದ ದಫ್ತರಿನಲ್ಲಿ ಮಾತ್ರ ಅದು ಖಾಲಿ ನೆಲವಾಗಿಯೇ ಉಳಿಯಿತು.

ಕಮಲಾಪುರದಲ್ಲಿಳಿದು ಅಲ್ಲಿನ ಹೆಸರಾಂತ ಕೆಂಬಾಳೆಯ ಒಂದು ಡಜನ್ ಕೊಂಡೆವು. ಬೆಲೆ ಕೇಳಿ ನಾನು ಹಿಂದೆಗೆದೆನೆಂಬುದನ್ನು ಮುಚ್ಚಿಡಲಾರೆ.

ತಾಂಡದ ಬಾಯಲ್ಲಿ ಸೇವಾಲಾಲರ ಗುಡಿ, ಬಿಳಿಯ ಧ್ವಜ. ಮುಂದೆ ಸಾಲುಮನೆಗಳು, ಅರ್ಧಕ್ಕರ್ಧ ಬೀಗ ಹಾಕಿದವು. ಜನ ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋಗಿದ್ದಾರೆ. ಹುಡುಗನ ಅಜ್ಜಿ, ಕನ್ನಡಿಯ ಬಿಲ್ಲೆಗಳ ಉಡುಪಿನಲ್ಲಿ, ಹೊಸ್ತಿಲ ಬಳಿ ಕುಳಿತಿದ್ದಳು. ನಾನು ಓದಿದವನೆಂದು ತಿಳಿದೊಡನೆ ಟ್ರಂಕು ತೆರೆದು, ಪ್ಲಾಸ್ಟಿಕ್ ಚೀಲದಿಂದ ಹಕ್ಕುಪತ್ರವನ್ನು ತೆಗೆದು ಕೈಗಿಟ್ಟಳು. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡದಲ್ಲಿ ೨೦೨೩ರ ಜನವರಿ ೧೯ರಂದು ಐದು ಜಿಲ್ಲೆಗಳ ಐವತ್ತು ಸಾವಿರಕ್ಕೂ ಮಿಕ್ಕ ಕುಟುಂಬಗಳಿಗೆ ಪ್ರಧಾನಮಂತ್ರಿಗಳು ವಿತರಿಸಿದ ಪತ್ರಗಳಲ್ಲಿ ಅದೂ ಒಂದು. ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ತಾಂಡಗಳನ್ನು ಕಂದಾಯ ಗ್ರಾಮಗಳೆಂದು ಒಪ್ಪಿದ ಮೇಲೆ ಬಂದ ಫಲ.

ಗಟ್ಟಿಯಾಗಿ ಓದಿದೆ. ತನ್ನ ಹೆಸರು ಬಂದಾಗ ಅಜ್ಜಿ ತಲೆಯಾಡಿಸಿದಳು. ಮತ್ತೊಮ್ಮೆ ಓದಿಸಿದಳು. ಬಳಿಕ ಮೊಮ್ಮಗನ ಮೂಲಕ ಕೇಳಿದಳು: ಅದರಲ್ಲಿ ಪಕ್ಕದ ಊರಿನ ಹೆಸರಿದೆಯೋ, ತಾಂಡದ ಹೆಸರೋ? ತಾಂಡದ್ದೇ ಎಂದೆ. ಅಷ್ಟು ದಿನ ಪಕ್ಕದ ಊರಿನ ಹೆಸರಿನಲ್ಲಿ ಬದುಕಿದವಳು ಆಕೆ.

ಗೋಡೆಯ ಮೇಲೆ ಹುಡುಗನ ಅಕ್ಕನ ಮದುವೆಯ ಚಿತ್ರವಿತ್ತು. ಆಕೆಯನ್ನು ತೆಲಂಗಾಣದ ಜಹೀರಾಬಾದಿಗೆ ಕೊಟ್ಟಿದ್ದಾರೆ. “ಅಲ್ಲಿ ಮಾವನವ್ರು ಪರಿಶಿಷ್ಟ ಪಂಗಡ, ಇಲ್ಲಿ ನಾವು ಪರಿಶಿಷ್ಟ ಜಾತಿ. ಅಕ್ಕನ ಸರ್ಟಿಫಿಕೇಟು ಅಲ್ಲಿ ನಡೆಯಂಗಿಲ್ರಿ” ಎಂದ. ವಿಚಿತ್ರವಾದರೂ ನಿಜ. ೧೯೫೬ರ ನವೆಂಬರ್ ೧ರಂದು ಹೈದರಾಬಾದ್ ಸಂಸ್ಥಾನ ಭಾಷೆಗನುಸಾರ ಮೂರು ಪಾಲಾದಾಗ ಈ ನಂಟರೂ ಮೂರು ರಾಜ್ಯಗಳ ಪಾಲಾದರು. ೧೯೭೬ರ ಒಂದೇ ಕಾಯಿದೆ ಕಲಬುರಗಿಯ ಲಂಬಾಣಿಗರನ್ನು ಜಾತಿಗಳ ಪಟ್ಟಿಗೂ ತೆಲಂಗಾಣದವರನ್ನು ಪಂಗಡಗಳ ಪಟ್ಟಿಗೂ ಸೇರಿಸಿತು. ಮಹಾರಾಷ್ಟ್ರದಲ್ಲಿ ಇವರು ವಿಮುಕ್ತ ಜಾತಿ. ಒಂದು ರಾಜ್ಯದ ಪಟ್ಟಿಯ ಹಕ್ಕು ವಲಸೆ ಹೋದವರ ಹಿಂದೆ ಮತ್ತೊಂದು ರಾಜ್ಯಕ್ಕೆ ಬಾರದೆಂದು ೧೯೯೦ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿತು. ಪ್ರತಿ ರಾಜ್ಯದ ಹಿಂದುಳಿದಿರುವಿಕೆ ಬೇರೆಯೆಂಬ ಅದರ ತರ್ಕ ಅರ್ಥವಾಗುತ್ತದೆ. ಆದರೆ ಹುಟ್ಟಿನಿಂದ ವಲಸೆಯೇ ಬದುಕಾದವರಿಗೆ ಆ ತರ್ಕ ಬಿಗಿಯಾದ ಅಂಗಿ. ಅವರ ಗೋರ್ ಬೋಲಿಯದೂ ಇದೇ ಗತಿ. ೨೦೧೧ರ ಜನಗಣತಿಯಲ್ಲಿ ಮೂವತ್ತೆರಡು ಲಕ್ಷಕ್ಕೂ ಹೆಚ್ಚು ಜನ ತಮ್ಮ ನುಡಿಯನ್ನು ಲಮಾಣಿ-ಲಂಬಾಡಿ ಎಂದು ಬರೆಸಿದ್ದರೂ, ಅಂಕಿ ಸೇರಿಕೊಂಡದ್ದು ಹಿಂದಿಯ ಲೆಕ್ಕಕ್ಕೆ. ಕನ್ನಡಕ್ಕಾಗಿ ವಾದಿಸುವ ನನ್ನಂಥವರು ಇದನ್ನು ಇಷ್ಟು ದಿನ ಗಮನಿಸಿರಲಿಲ್ಲ.

ಹೊರಡುವ ಹೊತ್ತಿಗೆ ಅಜ್ಜಿ ಪತ್ರವನ್ನು ಮಡಿಸಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ಏನನ್ನೋ ಕೇಳಿದಳು. “ಮಾಸ್ತರ್ರ ಮನಿ ಕಾಗದ ಎಲ್ಲದ ಅಂತ ಕೇಳಾಕತ್ತಾಳ್ರಿ” ಎಂದ ಹುಡುಗ. ಬಾಡಿಗೆಯ ಮನೆ ಎಂದೆ. ಅಜ್ಜಿ ನನ್ನನ್ನು ಮರುಕದಿಂದ ನೋಡಿ, ನಾನು ತಂದಿದ್ದ ಕೆಂಬಾಳೆಯಲ್ಲೇ ನಾಲ್ಕನ್ನು ತಿರುಗಿ ನನ್ನ ಚೀಲಕ್ಕೆ ಹಾಕಿದಳು.