ಕೆಳಗಿನ ಹವಾ, ಮೇಲಿನ ಹವಾ

ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಚಹಾ, ಹಾಲು, ಅನ್ನ, ಬೇಳೆ ಎಲ್ಲ ಅದರ ಮೇಲೆಯೇ ಆಗುತ್ತವೆ. ಆದರೆ ಜೋಳದ ರೊಟ್ಟಿ ಮತ್ತು ಸ್ನಾನದ ನೀರಿಗೆ ಮಾತ್ರ ಹಿತ್ತಲ ಪಡಸಾಲೆಯ ಪೆಲೆಟ್ ಒಲೆ. ಎಂಟು ಜನರ ಮನೆ. ದಿನಕ್ಕೆ ಮೂವತ್ತು ರೊಟ್ಟಿಯಾದರೂ ಬೇಕು. ಅಷ್ಟನ್ನು ಗ್ಯಾಸಿನ ಮೇಲೆ ಬಡಿಯುತ್ತ ಕೂತರೆ ಸಿಲಿಂಡರ್ ತಿಂಗಳು ಕೂಡ ಬಾಳುವುದಿಲ್ಲ. ಅಕ್ಕಲಕೋಟೆ ತಾಲೂಕಿನ ನಮ್ಮಂಥ ಹಳ್ಳಿಗಳಲ್ಲಿ ಈ ಲೆಕ್ಕ ಎಲ್ಲರಿಗೂ ಗೊತ್ತು.

ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಧರ್ಮಕೇಂದ್ರದ ಅಕ್ಕಂದಿರು ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತಾರೆ. "ನಮ್ಮ ಮನ್ಯಾಗೂ ಅದೇ ಒಲಿ ಐತಿ, ಅದೇ ಪೆಲೆಟ್ ತರ್ತೀವಿ. ನಿಮ್ಮದು ಹೊಗಿ ಬಿಡೂದಿಲ್ಲ, ನಮ್ಮದ್ಯಾಕ ಬಿಡ್ತದ?" ನಿಂತಲ್ಲೇ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಪೆಲೆಟ್ ಎಂದರೇನೆಂದು ಹೇಳಿಬಿಡೋಣ. ಶೇಂಗಾ ಸಿಪ್ಪೆ, ಹಿಂಡಿದ ಕಬ್ಬಿನ ಸಿಪ್ಪೆ, ಗರಗಸದ ಹೊಟ್ಟು, ತೊಗರಿ ಕಟ್ಟಿಗೆ, ಇವನ್ನೆಲ್ಲ ಪುಡಿ ಮಾಡಿ ಯಂತ್ರದಲ್ಲಿ ಬಲವಾಗಿ ಒತ್ತಿ ತೆಗೆದ ಕಿರುಬೆರಳ ಗಾತ್ರದ ತುಂಡುಗಳು. ಅಂಟು ಬೇಕಾಗಿಲ್ಲ. ಒತ್ತುವಾಗ ಹುಟ್ಟುವ ಕಾವಿಗೆ ಗಿಡದಲ್ಲೇ ಇರುವ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ ಪುಡಿಯನ್ನು ಹಿಡಿದುಕೊಳ್ಳುತ್ತದೆ. ನಮ್ಮ ಅವ್ವ ಇವಕ್ಕೆ 'ಗುಳಿಗಿ' ಎನ್ನುತ್ತಾರೆ. "ಮುಂಜಾನೆ ಒಲಿಗೂ ಗುಳಿಗಿ, ನನಗೂ ಗುಳಿಗಿ" ಎಂದು ನಗುವುದುಂಟು.

ಚಳಿದೇಶಗಳಲ್ಲಿ ಮನೆ ಬೆಚ್ಚಗಿಡಲು ಪೆಲೆಟ್ ಒಲೆ ಬಂದದ್ದು 1980ರ ದಶಕದಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡೆ. ಅಡಿಗೆಗೆ ಒಗ್ಗುವಂತೆ ಫ್ಯಾನ್ ಇಟ್ಟ ಸಣ್ಣ ಪೆಲೆಟ್ ಒಲೆಯ ಮೇಲೆ ನಮ್ಮ ದೇಶದಲ್ಲಿ ದೊಡ್ಡ ಕೆಲಸ ಮಾಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಚ್. ಎಸ್. ಮುಕುಂದ ಮತ್ತು ಅವರ ಸಂಗಡಿಗರು. 2006ರ ನಂತರ ಇಂಥ ಒಲೆಗಳು ಮಹಾರಾಷ್ಟ್ರದ ಹಳ್ಳಿಗಳಿಗೂ ಬಂದವು. ನಮ್ಮಲ್ಲಿರುವುದು ಬೇರೆ ಒಂದು ಸಣ್ಣ ಕಾರ್ಖಾನೆಯ ಒಲೆ. ಆದರೆ ತತ್ತ್ವ ಒಂದೇ.

ನಾವು ಅದನ್ನು ತಂದದ್ದು ಅವ್ವನ ಎದೆಗಾಗಿ. ಐವತ್ತು ವರ್ಷ ಕುಳ್ಳು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಒಟ್ಟಿ ಊದುಗೊಳವೆ ಹಿಡಿದು ಕೂತವರು ಅವರು. ಬೀಡಿ ಮುಟ್ಟಿದವರಲ್ಲ. ಆದರೂ ಸೊಲ್ಲಾಪುರದ ಡಾಕ್ಟರು ಫೋಟೊ ನೋಡಿ, "ಇವರು ಎಷ್ಟು ವರ್ಷದಿಂದ ಬೀಡಿ ಸೇದುತ್ತಾರೆ?" ಎಂದು ಕೇಳಿದರು. ಒಲೆ ಬದಲಾಗದಿದ್ದರೆ ಔಷಧಿ ಕೆಲಸ ಮಾಡುವುದಿಲ್ಲ ಎಂದರು. ಅಡಿಗೆಮನೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ನಮಗೆ ಆ ಲೆಕ್ಕ ಬೇಕಾಗಿರಲಿಲ್ಲ. ರಾತ್ರಿ ಎರಡಕ್ಕೆ ಅವ್ವ ಎದ್ದು ಗೋಡೆಗೆ ಒರಗಿ ಕೂತು ಉಸಿರೆಳೆಯುವ ಸದ್ದೇ ಸಾಕಾಗಿತ್ತು.

ಈಗ ಒಲೆಯ ಒಳಗೆ ನೋಡೋಣ. ಉಕ್ಕಿನ ಡಬ್ಬಿಯಂಥ ಒಂದು ಕೊಠಡಿ. ತಳದಲ್ಲಿ ಜಾಲರಿ. ಮೇಲೆ, ಬಾಯಿಯ ಹತ್ತಿರ, ಸುತ್ತಲೂ ಸಾಲಾಗಿ ಸಣ್ಣ ತೂತುಗಳು. ಪೆಲೆಟ್‌ಗಳನ್ನು ಆ ತೂತುಗಳ ಕೆಳಗಿನವರೆಗೆ ತುಂಬಿ, ಬೆಂಕಿಯನ್ನು ಮೇಲಿನಿಂದ ಹಚ್ಚಬೇಕು. ಕಟ್ಟಿಗೆಯ ಒಲೆಗೆ ಅಡಿಯಿಂದ ಹಚ್ಚಿ ರೂಢಿಯಾದವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಫ್ಯಾನಿನ ಗಾಳಿ ಎರಡು ಪಾಲಾಗುತ್ತದೆ. ಒಂದು ಪಾಲು ಜಾಲರಿಯ ಕೆಳಗಿನಿಂದ ಪೆಲೆಟ್‌ಗಳ ಸಂದಿಯಲ್ಲಿ ಏರುತ್ತದೆ. ಇನ್ನೊಂದು ಪಾಲು ಗೋಡೆಯ ಹೊರಸುತ್ತಿನಿಂದ ಬಂದು ಮೇಲಿನ ತೂತುಗಳಲ್ಲಿ ನುಗ್ಗುತ್ತದೆ. ಕೆಳಗಿನ ಗಾಳಿ ಪೆಲೆಟ್ ಅನ್ನು ಪೂರ್ತಿ ಸುಡುವುದಿಲ್ಲ. ಅದಕ್ಕೆ ಅಷ್ಟು ಶಕ್ತಿಯೇ ಇಲ್ಲ. ಅದು ಪೆಲೆಟ್ ಅನ್ನು ಬಿಸಿ ಮಾಡಿ ಅದರೊಳಗಿನ ಅನಿಲವನ್ನು ಹೊರಗೆ ತರುತ್ತದೆ, ಅಷ್ಟೇ. ಆ ಅನಿಲವೇ ನಾವು ಹೊಗೆ ಎನ್ನುವುದು. ಅದು ಮೇಲೇರಿ ತೂತುಗಳ ಗಾಳಿಯನ್ನು ಕೂಡಿದಾಗ ಉರಿ ಆಗುತ್ತದೆ. ಅಂದರೆ ಹಂಚಿನ ಕೆಳಗೆ ಉರಿಯುತ್ತಿರುವುದು ಹೊಗೆಯೇ. ಉರಿಯದೆ ಉಳಿದದ್ದು ನಮ್ಮ ಕಣ್ಣಿಗೆ, ಎದೆಗೆ ಬರುತ್ತದೆ.

ಒಂದು ಕಿಲೊ ಪೆಲೆಟ್ ಪೂರ್ತಿ ಉರಿಯಲು ಸುಮಾರು ಆರು ಕಿಲೊ ಗಾಳಿ ಬೇಕು. ಗಾಳಿಗೆ ತೂಕವೇ ಎಂದು ಕೇಳಬೇಡಿ. ಅಳತೆಯಲ್ಲಿ ಹೇಳುವುದಾದರೆ ಅದು ಹತ್ತಿರ ಹತ್ತಿರ ಐದು ಸಾವಿರ ಲೀಟರ್. ಅದರಲ್ಲಿ ಕಾಲುಭಾಗದಷ್ಟು ಮಾತ್ರ ಕೆಳಗಿನಿಂದ ಹೋಗಬೇಕು, ಮುಕ್ಕಾಲು ಭಾಗ ಮೇಲಿನಿಂದ. ಎಲ್ಲ ಕೀಲಿಯೂ ಈ ಪಾಲುಗಾರಿಕೆಯಲ್ಲೇ ಇದೆ.

ನಮ್ಮ ಒಲೆಗೆ ಎರಡು ಹಿಡಿತಗಳಿವೆ. ಒಂದು ಫ್ಯಾನಿನ ವೇಗದ ಬಟನ್. ಇನ್ನೊಂದು ಕೆಳಗಿನ ಗಾಳಿಯ ದಾರಿಯನ್ನು ಮುಚ್ಚಿ ತೆರೆಯುವ ತಗಡು. ಒಲೆಯ ಜೊತೆ ಬಂದ ಕಾಗದ ಮರಾಠಿಯಲ್ಲಿತ್ತು. ಅದರಲ್ಲಿ ಇಷ್ಟು ಬರೆದಿರಲಿಲ್ಲ, ಉರಿ ಹೆಚ್ಚಾದರೆ ಹವಾ ಕಮ್ಮಿ ಮಾಡಿ ಎಂದಷ್ಟೇ ಇತ್ತು. ಯಾವ ಹವಾ? ಅಕ್ಕಂದಿರ ಪ್ರಶ್ನೆಯ ಉತ್ತರ ಇರುವುದೇ ಇಲ್ಲಿ. ರೊಟ್ಟಿ ಹೊತ್ತುತ್ತಿದೆ ಎಂದು ಫ್ಯಾನಿನ ಬಟನ್ ತಿರುಗಿಸಿದರೆ ಮೇಲಿನ ಗಾಳಿಯೂ ಸೋಲುತ್ತದೆ. ಪೆಲೆಟ್ ಆಗಲೇ ಕಾದಿರುವುದರಿಂದ ಅನಿಲ ಬರುತ್ತಲೇ ಇರುತ್ತದೆ, ಅದನ್ನು ಉರಿಸುವ ಗಾಳಿ ಮಾತ್ರ ಸಾಲದು. ಮನೆ ತುಂಬ ಹೊಗೆ. ಉರಿ ಇಳಿಸಬೇಕಾದರೆ ಕೆಳಗಿನ ತಗಡನ್ನು ಅರ್ಧ ಸರಿಸಬೇಕು, ಮೇಲಿನದನ್ನು ಹಾಗೇ ಬಿಡಬೇಕು. ಅನಿಲ ಕಡಿಮೆ ಹುಟ್ಟುತ್ತದೆ, ಹುಟ್ಟಿದ್ದೆಲ್ಲ ಉರಿದುಹೋಗುತ್ತದೆ. ಉರಿ ಸಣ್ಣದಾದರೂ ಸ್ವಚ್ಛ.

ಇದನ್ನು ನಮಗಿಂತ ಮೊದಲು ಹಿಡಿದವರು ಅವ್ವ. ನಾವು ಮೊಬೈಲಿನಲ್ಲಿ ಹೊತ್ತು ನೋಡಿ, ತಕ್ಕಡಿಯಲ್ಲಿ ಪೆಲೆಟ್ ತೂಗಿ ಲೆಕ್ಕ ಹಾಕುತ್ತಿದ್ದಾಗ ಅವರು ಮಣೆಯ ಮೇಲೆ ಕೂತು ಉರಿಯನ್ನೇ ನೋಡುತ್ತಿದ್ದರು. ಮೂರನೆಯ ದಿನ ತಗಡಿಗೆ ಕೈ ಹಾಕಿದರು.

"ಅವ್ವಾ, ಅದನ್ನ ಮುಟ್ಟಬ್ಯಾಡ್ರಿ, ಕಾದಿರತೈತಿ" ಎಂದೆವು.

"ಏ, ಸುಮ್ಮಿರ್ರಿ. ಒಲಿ ಹೊಟ್ಟಿಗಿ ಹಾಕೂ ಹವಾ ಬ್ಯಾರೆ, ಉರಿ ಬಾಯಿಗಿ ಹಾಕೂ ಹವಾ ಬ್ಯಾರೆ. ಕೊಳವಿ ಹಿಡದು ಊದಿದಾಕಿಗೆ ಗೊತ್ತಿಲ್ಲೇನು?"

ಊದುಗೊಳವೆಯನ್ನು ಕೆಂಡದ ಬುಡಕ್ಕೆ ಹಿಡಿದರೆ ಒಂದು ಬಗೆ, ಹೊಗೆಯ ಮೇಲೆ ಹಿಡಿದರೆ ಇನ್ನೊಂದು ಬಗೆ ಎಂದು ಅವರ ಕೈಗೆ ಗೊತ್ತಿತ್ತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಉರಿಯ ಬಣ್ಣ ಓದುವುದರಲ್ಲಿ ಅವರ ಸರಿಸಾಟಿ ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಅವರಿಂದ ನಾವು ಕಲಿತದ್ದು ಹೀಗೆ. ಉರಿ ಉದ್ದಕ್ಕೆ, ಸೋಮಾರಿಯಂತೆ ಅತ್ತಿತ್ತ ತೂಗುತ್ತ, ತುದಿಯಲ್ಲಿ ಕಪ್ಪು ಬಾಲ ಬಿಡುತ್ತಿದ್ದರೆ ಮೇಲಿನ ಗಾಳಿ ಸಾಲದು. ಪಾತ್ರೆಯ ತಳಕ್ಕೆ ಬೆರಳಾಡಿಸಿದರೆ ಮಸಿ ಹತ್ತುತ್ತದೆ. ಅದು ಕೊಟ್ಟ ದುಡ್ಡು ಪಾತ್ರೆಗೆ ಮೆತ್ತಿದ ಹಾಗೆಯೇ. ಉರಿ ಗಿಡ್ಡಾಗಿ, ಭರ್ ಎಂದು ಸದ್ದು ಮಾಡುತ್ತ, ತೂತುಗಳಿಂದ ದೂರ ಹಾರಿ ನಿಂತಂತೆ ಕಂಡರೆ ಗಾಳಿ ಅತಿಯಾಗಿದೆ. ನೋಡಲು ಜೋರು ಕಾಣುತ್ತದೆ. ಆದರೆ ಹೆಚ್ಚಾದ ಗಾಳಿ ಬೆಂಕಿಯ ಕಾವನ್ನು ಹೊತ್ತುಕೊಂಡು ಹಂಚಿನ ಪಕ್ಕದಿಂದ ಹೊರಗೆ ಹೋಗುತ್ತದೆ. ರೊಟ್ಟಿಯ ನಡುಭಾಗ ಸುಟ್ಟು ಅಂಚು ಹಸಿ ಉಳಿಯುತ್ತದೆ. ಸರಿಯಾದ ಉರಿ ತೂತುಗಳ ಬಾಯಿಗೇ ಅಂಟಿಕೊಂಡು, ಹಳದಿಯೊಳಗೆ ಸ್ವಲ್ಪ ನೀಲಿ ಬೆರೆತು, ಸದ್ದಿಲ್ಲದೆ ನಿಂತಿರುತ್ತದೆ. ಹಾಗೆ ಹೊಂದಿಸಿಕೊಂಡರೆ ಮುಕ್ಕಾಲು ತಾಸಿನಲ್ಲಿ ಮುಗಿಯುತ್ತಿದ್ದ ಒಂದು ತುಂಬು ಪೆಲೆಟ್ ನಮ್ಮಲ್ಲಿ ಒಂದು ತಾಸು ಬರುತ್ತದೆ. ಅಷ್ಟರಲ್ಲಿ ರೊಟ್ಟಿಯೆಲ್ಲ ಮುಗಿದು ಬದನೆಕಾಯಿ ಸುಡಲೂ ಬೆಂಕಿ ಉಳಿದಿರುತ್ತದೆ.

ಕೆಳಗಿನ ಗಾಳಿ ಹೆಚ್ಚಾದರೆ ಇನ್ನೊಂದು ತೊಂದರೆಯಿದೆ. ಜಾಲರಿಯ ಮೇಲೆ ಕಾವು ಏರಿ ಬೂದಿಯೇ ಕರಗಿ ಗಂಟುಗಟ್ಟುತ್ತದೆ, ಗಾಜಿನ ಹರಳಿನಂತೆ. ಕಬ್ಬಿನ ಸಿಪ್ಪೆಯ ಪೆಲೆಟ್‌ನಲ್ಲಿ ಇದನ್ನು ನಾವು ಹೆಚ್ಚು ಕಂಡಿದ್ದೇವೆ. ಆ ಗಂಟು ಜಾಲರಿ ಮುಚ್ಚಿದರೆ ಮರುದಿನ ಯಾವ ಬಟನ್ ತಿರುಗಿಸಿದರೂ ಗಾಳಿ ಏರುವುದಿಲ್ಲ. ಅದಕ್ಕೇ ಒಲೆ ಆರಿದ ಮೇಲೆ ಬೂದಿ ಕೊಡವಿ, ಮೇಲಿನ ತೂತುಗಳಿಗೆ ಕಡ್ಡಿ ಆಡಿಸುವುದು ನಮ್ಮ ಮನೆಯ ಚಿಕ್ಕವರ ಕೆಲಸ. ಭತ್ತದ ಹೊಟ್ಟಿನ ಪೆಲೆಟ್ ಅಗ್ಗವೆಂದು ತರುವವರಿದ್ದಾರೆ. ಅದರ ತೂಕದಲ್ಲಿ ಐದರಲ್ಲೊಂದು ಪಾಲಿನಷ್ಟು ಬೂದಿಯೇ. ನಮಗದು ಸರಿಹೋಗುವುದಿಲ್ಲ. ಮಳೆಗಾಲದಲ್ಲಿ ಚೀಲವನ್ನು ನೆಲಕ್ಕೆ ತಾಗಿಸಿ ಇಡಬೇಡಿ. ತೇವ ಹೀರಿದ ಪೆಲೆಟ್ ಉಬ್ಬಿ ಪುಡಿಯಾಗುತ್ತದೆ. ಪುಡಿ ಸಂದಿಗಳನ್ನು ತುಂಬಿದರೆ ಕೆಳಗಿನ ಗಾಳಿಗೆ ದಾರಿಯೇ ಇಲ್ಲ.

ಇಷ್ಟು ಹೊಗೆಯ ಮಾತಾಯಿತು. ಹೊಗೆಯಿಲ್ಲದ ಅಪಾಯವೊಂದಿದೆ, ಅದನ್ನು ಹೇಳಲೇಬೇಕು.

ಉರಿ ಮುಗಿದ ಮೇಲೆ ಒಲೆಯ ತಳದಲ್ಲಿ ಕೆಂಪಗೆ ಕೆಂಡ ಉಳಿಯುತ್ತದೆ. ಹೊಗೆ ಇಲ್ಲ, ವಾಸನೆ ಇಲ್ಲ, ಹಿತವಾದ ಕಾವು. 2019ರ ಡಿಸೆಂಬರಿನಲ್ಲಿ ನಮ್ಮ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕ್ರಿಸ್ಮಸ್ ಮುಂದಿತ್ತು, ಬೆಳಗಿನ ಚಳಿ ಜೋರಿತ್ತು. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದು ನಮ್ಮ ಕಡೆಯ ಪದ್ಧತಿ. ಅವ್ವ ಒಲೆಯನ್ನೇ ಎತ್ತಿ ಕೋಣೆಗೆ ಒಯ್ಯಲು ಹೊರಟರು. ಕಿಟಕಿ ಬಾಗಿಲು ಎಲ್ಲ ಮುಚ್ಚಿತ್ತು, ಕೂಸಿಗೆ ಗಾಳಿ ಬಡಿಯಬಾರದೆಂದು.

"ಬ್ಯಾಡ್ರಿ ಅವ್ವಾ" ಎಂದು ನಾವು ಬಾಗಿಲಿಗೆ ಅಡ್ಡ ನಿಂತೆವು. ಅವ್ವನಿಗೆ ಸಿಟ್ಟು ಬಂತು.

"ನಾ ಐದು ಹಡದಾಕಿ. ಐದೂ ಕೆಂಡದ ಮ್ಯಾಲೇ ಬೆಳದಾವ. ಹೊಗಿ ಎಲ್ಲೈತಿ ತೋರಸ್ರಿ ನೋಡೂಣು!"

ಹೊಗೆ ಇರಲಿಲ್ಲ, ಅವರ ಮಾತು ನಿಜ. ಆದರೆ ಕೆಂಡಕ್ಕೆ ಮೇಲಿನ ಉರಿ ಇಲ್ಲದಾಗ ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಸುಡದೆ ಹೊರಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನಲ್ಲಿ ಹೋಗಿ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ಮಲಗಿದವರು ಏಳದೆಯೇ ಹೋಗಬಹುದು. ಹಳೆಯ ಮನೆಗೆ ಹಂಚಿನ ಮಾಡು, ಗಾಳಿಗೆ ನೂರು ಸಂದಿ ಇದ್ದವು. ಈಗಿನದು ಆರ್‌ಸಿಸಿ, ಅಲ್ಯೂಮಿನಿಯಂ ಕಿಟಕಿ. ಆ ಐದು ಮಕ್ಕಳು ಬದುಕಿದ್ದು ಕೆಂಡದಿಂದಲ್ಲ, ಮಾಡಿನ ಸಂದಿಯಿಂದ. ಇದನ್ನು ಅವರಿಗೆ ಆ ಹೊತ್ತಿನಲ್ಲಿ ಹೀಗೆ ಹೇಳಲು ನಮಗೆ ಬಾಯಿ ಬರಲಿಲ್ಲ. "ಡಾಕ್ಟರು ಬ್ಯಾಡಂದಾರ" ಎಂದಷ್ಟೇ ಹೇಳಿದೆವು. ಎರಡು ದಿನ ಅವ್ವ ನಮ್ಮೊಡನೆ ಮಾತಾಡಲಿಲ್ಲ.

ಮೂರನೆಯ ದಿನ ತಾವೇ ದಾರಿ ಕಂಡುಕೊಂಡರು. ಕೆಂಡ ಉಳಿದ ಒಲೆಯನ್ನು ಅಂಗಳದಲ್ಲಿಟ್ಟು, ಅದರ ಮೇಲೆ ಎರಡು ಇಟ್ಟಿಗೆ ಕಾಯಿಸಿ, ಹಳೆಯ ಕೌದಿಯ ತುಂಡಿನಲ್ಲಿ ದಪ್ಪಗೆ ಸುತ್ತಿ, ಕಾವನ್ನು ಕೈಯಿಂದ ಪರೀಕ್ಷಿಸಿ ಮಗಳ ಕಾಲ ಬಳಿ ಇಟ್ಟರು. ಕೆಂಡ ಅಂಗಳದಲ್ಲೇ ಬೂದಿಯಾಯಿತು. ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡಲು ಅವರು ಒಪ್ಪಿದ್ದು ಮಾತ್ರ ಇನ್ನೂ ನಾಲ್ಕು ದಿನದ ಮೇಲೆ.

ಪೆಲೆಟ್ ಸಿಗುವುದು ಎಲ್ಲ ವರ್ಷ ಒಂದೇ ತರಹ ಇರುವುದಿಲ್ಲ. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಗಳೇ ವಿದ್ಯುತ್ತಿಗಾಗಿ ಸುಡುತ್ತವೆ. ಕಲ್ಲಿದ್ದಲಿನ ಜೊತೆ ಪೆಲೆಟ್ ಸುಡಬೇಕೆಂದು 2021ರಲ್ಲಿ ಕೇಂದ್ರ ಸರಕಾರ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಹೇಳಿತು. ದೊಡ್ಡವರು ಕೊಳ್ಳುವ ಮಾಲಿನಲ್ಲಿ ಹಳ್ಳಿಯ ಒಲೆಗೆ ಉಳಿದದ್ದೇ ಪಾಲು. ಹೀಗಾಗಿ ಪ್ರತಿ ಸಲ ಬರುವ ಚೀಲ ಬೇರೆ ಬೇರೆ. ಚೀಲ ಬದಲಾದಾಗ ತಗಡಿನ ಜಾಗವೂ ಬದಲಾಗುತ್ತದೆ. ಶೇಂಗಾ ಸಿಪ್ಪೆಯದಕ್ಕೆ ಅರ್ಧ ತೆರೆದರೆ ಸಾಕಾಗಿತ್ತು. ಈ ಸಲ ಬಂದದ್ದು ಹತ್ತಿ ಕಟ್ಟಿಗೆಯದು, ಸ್ವಲ್ಪ ದಪ್ಪ. ಅವ್ವ ಮೊದಲ ದಿನವೇ ಒಂದು ಮುಷ್ಟಿ ಕೈಯಲ್ಲಿ ತಿಕ್ಕಿ ನೋಡಿ, ಎರಡನ್ನು ಹಲ್ಲಿನಲ್ಲಿ ಕಡಿದು, ಒಣಗಿದೆ ಎಂದರು. ಅವರಿಗೀಗ ಎಂಬತ್ತೆರಡು. ರಾತ್ರಿಯ ಕೆಮ್ಮು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲವೆಂದು ಡಾಕ್ಟರು ಹೇಳಿದ್ದಾರೆ. ಆದರೆ ಗೋಡೆಗೆ ಒರಗಿ ಕೂರುವ ರಾತ್ರಿಗಳು ವರ್ಷಕ್ಕೆ ಬೆರಳೆಣಿಕೆಗೆ ಬಂದಿವೆ. ಹೊಸ ಚೀಲಕ್ಕೆ ತಗಡು ಎಲ್ಲಿರಬೇಕೆಂದು ಅವರು ಸುಣ್ಣದಿಂದ ಒಂದು ಗೆರೆ ಎಳೆದಿದ್ದಾರೆ, ಹಳೆಯ ಗೆರೆಗಿಂತ ಒಂದು ಬೆರಳು ಆಚೆಗೆ.