ಹಳೇ ಕಾರಿನವನ ಓದು

ದಾವಣಗೆರೆ ಸೀಮೆಯಲ್ಲಿ ಕೆಎ-17 ನಂಬರಿನ ಮಾರುತಿ 800 ಒಂದು ಇವತ್ತಿಗೂ ಗೊರಗೊರ ಎನ್ನದೆ ಓಡುತ್ತಿದ್ದರೆ, ಅದರ ಮಾಲೀಕನಿಗೆ ಓದುವ ಚಟವಿದೆ ಎಂದೇ ತಿಳಿಯಬೇಕು. ಓದುವುದೇನನ್ನು? ಟೈರಿನ ಪಕ್ಕೆ, ಆಯಿಲ್ ಡಬ್ಬಿಯ ಬೆನ್ನು, ಬೇರಿಂಗಿನ ಅಂಚು. ಕನ್ನಡಕ ಮೂಗಿನ ತುದಿಗಿಳಿಸಿ, ಬೆರಳಲ್ಲಿ ಧೂಳು ಒರೆಸಿ, ಅಂಕಿಗಳನ್ನು ಒಂದೊಂದಾಗಿ ಬಿಡಿಸಿ ಓದುವಾಗ ಅವನಿಗೆ ಸಿಗುವ ಸುಖ ಹೊಸ ಕಾರು ಕೊಂಡವನಿಗೆ ಸಿಗಲಾರದು. ಹೊಸ ಕಾರಿನವನು ಕೀಲಿಕೈಯನ್ನು ಸರ್ವೀಸ್ ಸೆಂಟರಿಗೆ ಕೊಟ್ಟು ಬರುತ್ತಾನೆ; ಆರಿಸುವ ಕೆಲಸವೆಲ್ಲ ಅಲ್ಲಿಯವರದು.

1983ರ ಡಿಸೆಂಬರ್ 14ರಂದು ಮೊದಲ ಗಿರಾಕಿಯ ಕೈಸೇರಿದ ಈ ಪುಟ್ಟ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಮೂರು ಸಿಲಿಂಡರು, 796 ಸಿಸಿ, ಹನ್ನೆರಡು ಇಂಚಿನ ಚಕ್ರ. ಕಾರು ನಿಂತರೂ ಬಿಡಿಭಾಗ ನಿಲ್ಲಲಿಲ್ಲ. ಹಾಗೆಂದೇ ಕೊಕ್ಕನೂರಿನಂಥ ಊರಿನಲ್ಲಿ, ಭದ್ರಾ ನಾಲೆಯ ನೀರುಂಡ ಗದ್ದೆಗಳ ನಡುವೆ, ಟ್ರ್ಯಾಕ್ಟರಿನ ಪಕ್ಕ ಇಂಥದೊಂದು ಕಾರನ್ನು ಸಾಕಿಕೊಂಡಿರುವುದು ಸಾಧ್ಯ.

ಟೈರಿನಿಂದಲೇ ಶುರುಮಾಡೋಣ. 800ರ ಅಳತೆ 145/70 ಆರ್12. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಆಲ್ಟೋದ 145/80 ಆರ್12. "ಇದೂ ಕೂರುತ್ತೆ ಅಣ್ಣಾ, ಹಾಕಿಸ್ಕೊಂಡ್ ಬಿಡ್ರಿ" ಎನ್ನುತ್ತಾನೆ ಅಂಗಡಿಯವನು. ಕೂರುವುದೇನೋ ನಿಜ. ಹಳೇ ಕಾರಿನವ ಆಗ ಜೇಬಿನಿಂದ ಪೆನ್ನು ತೆಗೆಯುತ್ತಾನೆ. 145 ಮಿಲಿಮೀಟರಿನ ಶೇಕಡಾ 70 ಎಂದರೆ ಪಕ್ಕೆಯ ಎತ್ತರ 101.5, ಶೇಕಡಾ 80 ಎಂದರೆ 116. ಇಡೀ ಟೈರಿನ ವ್ಯಾಸ 29 ಮಿಲಿಮೀಟರ್ ಹಿಗ್ಗಿತು. ಕಾರು ನೆಲದಿಂದ ಹದಿನಾಲ್ಕೂವರೆ ಮಿಲಿಮೀಟರ್ ಮೇಲೆದ್ದಿತು. ಹೊಲದ ದಾರಿಗೆ ಅದು ಲಾಭವೇ. ಆದರೆ ಮೀಟರಿನ ಮುಳ್ಳು 50 ತೋರಿಸುವಾಗ ಕಾರು 53ರ ಹತ್ತಿರ ಓಡುತ್ತಿರುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಎಲ್ಲಿಯೂ ಉಜ್ಜುವುದಿಲ್ಲ ಎಂಬುದನ್ನೂ ನೋಡಿಕೊಳ್ಳಬೇಕು. ಲೆಕ್ಕ ಮುಗಿಯುವಷ್ಟರಲ್ಲಿ ಅಂಗಡಿಯವನು ಇನ್ನೊಬ್ಬ ಗಿರಾಕಿಗೆ ಎರಡು ಟೈರು ಮಾರಿರುತ್ತಾನೆ.

ಓದು ಇಲ್ಲಿಗೇ ಮುಗಿಯುವುದಿಲ್ಲ. ಪಕ್ಕೆಯ ಮೇಲೆ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 3223 ಎಂದಿದ್ದರೆ ಅದು 2023ರ 32ನೇ ವಾರದಲ್ಲಿ ಹುಟ್ಟಿದ ಟೈರು. ನಿಧಾನಕ್ಕೆ ಖರ್ಚಾಗುವ ಅಳತೆ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರಬಹುದು. ಓಡದೆಯೂ ರಬ್ಬರು ಬಿರುಸಾಗುತ್ತದೆ.

ಆಯಿಲ್ ಡಬ್ಬಿಯ ಮೇಲಿನ 20ಡಬ್ಲ್ಯೂ-40ರಲ್ಲಿ ಮೊದಲ ಅಂಕಿ ಚಳಿಯದು. ಕೊರೆಯುವ ಚಳಿಯಲ್ಲಿ ಆಯಿಲ್ ಜೋನಿಬೆಲ್ಲದಂತೆ ಮಂದವಾಗುತ್ತದೆ. ಡಬ್ಲ್ಯೂ ಹಿಂದಿನ ಅಂಕಿ ಕಡಿಮೆಯಿದ್ದಷ್ಟೂ ಅಂಥ ಚಳಿಯಲ್ಲೂ ಸಲೀಸಾಗಿ ಹರಿಯುತ್ತದೆ. ದಾವಣಗೆರೆಯ ಥಂಡಿ ಸೊನ್ನೆ ಡಿಗ್ರಿಯ ಹತ್ತಿರಕ್ಕೂ ಸುಳಿಯದ ಕಾರಣ ಇಲ್ಲಿಗೆ 20 ಸಾಕು. ಎರಡನೆಯದು ಇಂಜಿನ್ ಕಾದಾಗ, ನೂರು ಡಿಗ್ರಿಯಲ್ಲಿ, ಉಳಿಯುವ ದಪ್ಪ. ಸವೆದ ಇಂಜಿನ್ನಿಗೆ ಈ ದಪ್ಪ ಬೇಕು. ಹೊಸ ಕಾರುಗಳಿಗೆ ಹಾಕುವ ತೆಳ್ಳನೆಯ 0ಡಬ್ಲ್ಯೂ-20 ಎಷ್ಟೇ ದುಬಾರಿಯಾಗಿದ್ದರೂ ಇದಕ್ಕೆ ಒಗ್ಗದು. ಮುಂದೆ ಎಪಿಐ ಅಕ್ಷರಗಳು: ಎಸ್‌ನಿಂದ ಶುರುವಾದರೆ ಪೆಟ್ರೋಲ್ ಇಂಜಿನ್ನಿಗೆ, ಸಿ ಆದರೆ ಡೀಸೆಲ್ಲಿಗೆ. ಮನೆಯಲ್ಲಿ ಟ್ರ್ಯಾಕ್ಟರಿಗೆ ತಂದ ಡಬ್ಬಿ ಇದ್ದಾಗ ಈ ಒಂದಕ್ಷರ ಮನಸ್ಸಿನ ಆಸೆಗೆ ಕಡಿವಾಣ ಹಾಕುತ್ತದೆ.

ಬ್ರೇಕ್ ಆಯಿಲ್‌ದು ಬೇರೆಯೇ ಸ್ವಭಾವ. ಗಾಳಿಯ ತೇವ ಹೀರಿಕೊಂಡು ಅದರ ಕುದಿಬಿಂದು ಇಳಿಯುತ್ತದೆ. ಆದ್ದರಿಂದ ಬಿಚ್ಚಿದ ಡಬ್ಬಿಯನ್ನು ಮುಂದಿನ ಸಲಕ್ಕೆಂದು ಎತ್ತಿಡುವ ಉಳಿತಾಯ ಇಲ್ಲಿ ನಡೆಯದು.

ಬೇರಿಂಗಿನ ಭಾಷೆ ಎಲ್ಲಕ್ಕಿಂತ ಚೆಂದ. 6204 ಎಂದಿದ್ದರೆ ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಬೇಕು: ಒಳಗಿನ ತೂತು 20 ಮಿಲಿಮೀಟರ್. 6205ಕ್ಕೆ 25. ಆದರೆ 6203ಕ್ಕೆ ಹದಿನೈದಲ್ಲ, ಹದಿನೇಳು. ಮಗ್ಗಿಗೆ ಬಗ್ಗದ ತುಂಟ. ಪ್ಲಗ್ಗಿನ ವಿಷಯದಲ್ಲಿ ಹಳಬರಿಗೆ ಅಂಕಿಗಿಂತ ಹೆಸರೇ ಮುಖ್ಯ. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಆದರೂ ಅವರು ಕೇಳುವುದು ಮೈಕೋ ಪ್ಲಗ್ಗನ್ನೇ.

ಎಲ್ಲವೂ ಒರಿಜಿನಲ್ಲೇ ಆಗಬೇಕೆಂಬ ಹಟ ಹಳೇ ಕಾರಿನವನಿಗಿಲ್ಲ. ಹಿಂದಿನ ದೀಪದ ಗಾಜು, ಬಾಗಿಲ ಹಿಡಿ, ಮ್ಯಾಟು ಲೋಕಲ್ ಆದರೂ ನಡೆದೀತು. ಬ್ರೇಕ್ ಶೂ, ಟೈಮಿಂಗ್ ಬೆಲ್ಟು, ಬಾಲ್ ಜಾಯಿಂಟಿನಲ್ಲಿ ಚೌಕಾಶಿಯಿಲ್ಲ. ಈಗ ಬಂಕುಗಳಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಬರುತ್ತಿರುವುದರಿಂದ ಈ ಪಟ್ಟಿಗೆ ಪೆಟ್ರೋಲ್ ಪೈಪೂ ಸೇರಿದೆ. ಹಳೆಯ ರಬ್ಬರನ್ನು ಎಥನಾಲ್ ಉಬ್ಬಿಸಿ ಮೆತ್ತಗಾಗಿಸಬಲ್ಲದು.

ಕೆಲವನ್ನು ಕೊಳ್ಳುವುದಕ್ಕಿಂತ ಕೆತ್ತಿಸುವುದೇ ಮೇಲು. ಗೆರೆಬಿದ್ದ ಬ್ರೇಕ್ ಡ್ರಮ್ಮನ್ನು ಲೇತಿಗೆ ಕಟ್ಟಿ ನುಣುಪು ಮಾಡಿಸಬಹುದು. ತಯಾರಕರು ಹೇಳಿದ ಗರಿಷ್ಠ ವ್ಯಾಸ ಮೀರಬಾರದು, ಅಷ್ಟೆ. ಲೇತಿನ ಮಾತಿಗೆ ಹರಿಹರ ತವರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇಲ್ಲಿಂದ ದೇಶದ ವರ್ಕ್‌ಶಾಪುಗಳಿಗೆ ಲೇತು ಕಳಿಸಿತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಅದರ ಯಂತ್ರಗಳು ಇನ್ನೂ ತಿರುಗುತ್ತಿವೆ.

ದಾವಣಗೆರೆಯ ಪಿ.ಬಿ. ರಸ್ತೆಗೆ ಬಂದವನು ಸಾಮಾನು ಕೊಂಡು ಸುಮ್ಮನೆ ಊರಿಗೆ ಹೊರಡುವುದಿಲ್ಲ. ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು 20ಡಬ್ಲ್ಯೂ-40 ಮೇಲೋ 15ಡಬ್ಲ್ಯೂ-40 ಮೇಲೋ ಎಂಬ ಜಗಳ ಆಗಲೇಬೇಕು. ಮೆಕ್ಯಾನಿಕ್ ಒಂದೆನ್ನುತ್ತಾನೆ, ಟ್ಯಾಕ್ಸಿಯವನು ಇನ್ನೊಂದು. ಅಂಗಡಿಯವನು ಮಾತ್ರ ಎರಡನ್ನೂ ಹೊಗಳುತ್ತ, ಗಲ್ಲೆಯ ಮೇಲೆ ಎರಡೂ ಡಬ್ಬಿ ಇಟ್ಟು, "ಯಾವ್ದಕ್ಕೆ ಬಿಲ್ ಹಾಕ್ಲಿ, ಹೇಳ್ರಿ" ಎನ್ನುತ್ತಾನೆ.