ಹಳೆಯ ಮೋಟಾರಿನಲ್ಲಿ ಆಗುಂಬೆಯ ಘಟ್ಟ

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ಮಾರ್ಗವಾಗಿ ಆಗುಂಬೆಯ ಘಟ್ಟವನ್ನಿಳಿದು ಉಡುಪಿಯನ್ನು ಸೇರುವ ದಾರಿಯು ನೋಡುವವರಿಗೆ ರಮಣೀಯವಾದುದು. ಗಾಡಿ ನಡೆಸುವವರಿಗೆ ಅದೊಂದು ಪರೀಕ್ಷೆಯೇ ಸರಿ. ಕಳೆದ ಕಾರ್ತಿಕ ಮಾಸದಲ್ಲಿ ನಾವು ಕುಟುಂಬಸಮೇತರಾಗಿ 1984ರ ಅಂಬಾಸಡರ್ ಗಾಡಿಯಲ್ಲಿ ಈ ದಾರಿಯನ್ನು ಕ್ರಮಿಸಿದೆವು. ಉತ್ತರಪಾರಾದ ಕಾರ್ಖಾನೆಯು 2014ರಲ್ಲಿಯೇ ಈ ಗಾಡಿಯ ತಯಾರಿಕೆಯನ್ನು ನಿಲ್ಲಿಸಿತಾದರೂ, ಕೆಲವು ಮನೆಗಳಲ್ಲಿ ಅದಿನ್ನೂ ಹಿರಿಯರಂತೆ ಬಾಳುತ್ತಿದೆ. ಹಿರಿಯರಿಗೆ ಬೇಕಾದಂತೆ ಅದಕ್ಕೂ ಪಥ್ಯವು ಬೇಕು.

ಸಂಸ್ಕೃತದಲ್ಲಿ ‘ಸ್ನೇಹ’ವೆಂಬ ಒಂದೇ ಶಬ್ದಕ್ಕೆ ಎಣ್ಣೆಯೆಂದೂ ಪ್ರೀತಿಯೆಂದೂ ಅರ್ಥವುಂಟು. ಒಂದನ್ನೊಂದು ಉಜ್ಜಿ ಸವೆಯದಂತೆ ನಡುವೆ ನಿಂತು ಕಾಯುವುದು ಎರಡರ ಧರ್ಮವೂ ಹೌದು. ಶಿವಮೊಗ್ಗೆಯಲ್ಲಿ ಬೆಳಗಿನ ಜಾವ, ಗಾಡಿಯು ಸಮನೆಲದಲ್ಲಿ ನಿಂತು ಇಂಜಿನ್ನು ತಣ್ಣಗಿರುವಾಗಲೇ, ಅಳತೆಯ ಕಡ್ಡಿಯನ್ನೆಳೆದು ಎಣ್ಣೆಯನ್ನು ನೋಡಿದೆವು. ಇಂಥ ಇಂಜಿನ್ನಿಗೆ ರೂಢಿಯಲ್ಲಿರುವುದು 20ಡಬ್ಲ್ಯು-50 ಎಂಬ ಎಣ್ಣೆ. ಮೊದಲಿನ ಸಂಖ್ಯೆಯು ಚಳಿಯಲ್ಲಿ ಅದು ಹರಿಯುವ ಗುಣವನ್ನೂ, ಎರಡನೆಯದು 100 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಅದಕ್ಕುಳಿಯುವ ದಪ್ಪವನ್ನೂ ಸೂಚಿಸುತ್ತವೆ. ಹೊಸ ಗಾಡಿಗಳಿಗೆಂದು ಬಂದಿರುವ 0ಡಬ್ಲ್ಯು-20ರಂಥ ತೆಳು ಎಣ್ಣೆಯು ಬೆಲೆಯಲ್ಲಿ ಹಿರಿದಾದರೂ, ಸವೆದ ಯಂತ್ರದಲ್ಲಿ ತಕ್ಕಷ್ಟು ಒತ್ತಡವನ್ನು ಉಳಿಸಲಾರದು.

ಗಿಯರಿನ ಎಣ್ಣೆಯಲ್ಲಿಯೂ ಇಂಥದೇ ವಿವೇಕವು ಬೇಕು. ಜಿ.ಎಲ್.-5 ದರ್ಜೆಯದರಲ್ಲಿ ಗಂಧಕ-ರಂಜಕಗಳ ಅಂಶ ಹೆಚ್ಚು. ಅದು ಹಿಂದಿನ ಅಚ್ಚಿನ ಹಲ್ಲುಗಳಿಗೆ ಹಿತವಾದರೂ ಗಿಯರ್ ಪೆಟ್ಟಿಗೆಯ ಹಿತ್ತಾಳೆಯ ಭಾಗಗಳನ್ನು ತಿನ್ನಬಹುದು. ಎರಡಕ್ಕೂ ಒಂದೇ ಡಬ್ಬಿಯಿಂದ ಸುರಿಯದೆ, ಗಾಡಿಯ ಕೈಪಿಡಿಯನ್ನೇ ಪ್ರಮಾಣವೆಂದು ತಿಳಿಯತಕ್ಕದ್ದು.

ಸಕ್ರೆಬೈಲಿನಲ್ಲಿ ಬಿಡಾರದ ಆನೆಗಳು ತುಂಗೆಯ ನೀರಿನಲ್ಲಿ ಮೀಯುತ್ತಿದ್ದುವು. ಮಂಡಗದ್ದೆಯನ್ನು ದಾಟಿ ತೀರ್ಥಹಳ್ಳಿಯನ್ನು ಸೇರಿ, ರಾಮೇಶ್ವರನ ದರ್ಶನ ಮಾಡಿದೆವು. ಗಂಗಾಸ್ನಾನ, ತುಂಗಾಪಾನವೆಂಬ ಗಾದೆಯುಂಟು. ಆದರೆ ರೇಡಿಯೇಟರಿಗೆ ತುಂಗಾಪಾನವೂ ಸಲ್ಲದು. ನದಿಬಾವಿಗಳ ನೀರಿನಲ್ಲಿ ಕರಗಿದ ಲವಣಗಳು ಸಣ್ಣ ನಾಳಗಳಲ್ಲಿ ಕಿಟ್ಟವಾಗಿ ಕಟ್ಟುವುವು. ಭಟ್ಟಿಯಿಳಿಸಿದ ನೀರಿನೊಡನೆ ತುಕ್ಕು ಹಿಡಿಯದಂತೆ ಕಾಯುವ ಕೂಲೆಂಟನ್ನು ಬೆರಸಬೇಕು. ಅದು ರುಚಿಗೆ ಸಿಹಿಯಾದ ವಿಷ. ಮಕ್ಕಳ ಕೈಗೂ ನಾಯಿಬೆಕ್ಕುಗಳ ಬಾಯಿಗೂ ಎಟಕದಂತೆ ಇಡಬೇಕು.

ಆಗುಂಬೆಯು ಸಮುದ್ರಮಟ್ಟದಿಂದ ಸುಮಾರು 640 ಮೀಟರು ಎತ್ತರದಲ್ಲಿದೆ. ಅಲ್ಲಿಂದ ಸೋಮೇಶ್ವರದವರೆಗೆ 14 ಕಡಿದಾದ ತಿರುವುಗಳು. ಇಲ್ಲಿ ಗಾಡಿಯಲ್ಲಿರುವವರೆಲ್ಲರ ಪ್ರಾಣವು ನಿಂತಿರುವುದು ಒಂದು ಸಣ್ಣ ಬಟ್ಟಲಿನ ದ್ರವದ ಮೇಲೆ. ಜನರು ಅದನ್ನು ಬ್ರೇಕ್ ಆಯಿಲ್ ಎನ್ನುವರು. ನಿಜವಾಗಿ ಅದು ಎಣ್ಣೆಯೇ ಅಲ್ಲ. ಅದರಲ್ಲಿ ಇಂಜಿನ್ನಿನ ಎಣ್ಣೆಯು ಸ್ವಲ್ಪ ಸೇರಿದರೂ ರಬ್ಬರಿನ ಭಾಗಗಳು ಉಬ್ಬಿ ಕೆಡುವುವು. ಅದಕ್ಕೆ ಗಾಳಿಯೊಳಗಿನ ತೇವವನ್ನು ಹೀರುವ ಸ್ವಭಾವವೂ ಉಂಟು. ಡಾಟ್-3 ದರ್ಜೆಯ ಹೊಸ ದ್ರವವು ಕನಿಷ್ಠಪಕ್ಷ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ್ದಕ್ಕೆ ಆ ಮಿತಿ 140 ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಬ್ರೇಕನ್ನು ಬಿಡದೆ ಒತ್ತಿದರೆ ಕಾವೇರಿ ದ್ರವವು ಕುದಿಯುವುದು. ಆವಿಯು ಒತ್ತಡವನ್ನು ಸಾಗಿಸದು. ತುಳಿದ ಪೆಡಲು ಕಾಲಡಿಯಲ್ಲಿ ಕುಸಿದು ಹೋಗುವುದು.

ಹೊರಡುವ ವಾರ ಅದನ್ನು ಬದಲಿಸೆಂದಾಗ ಮೆಕ್ಯಾನಿಕನು, "ಬಟ್ಟಲು ತುಂಬಿದೆಯಲ್ಲ ಸ್ವಾಮೀ, ದಂಡದ ಖರ್ಚೇಕೆ?" ಎಂದನು. ತೆಗೆದಾಗ ಅದು ಕಷಾಯದಂತೆ ಕಪ್ಪಾಗಿತ್ತು. ತುಂಬಿರುವುದೆಲ್ಲ ಗುಣವಾಗಿರುವುದಿಲ್ಲವೆಂದು ಅವನೂ ಒಪ್ಪಿದನು. ಘಟ್ಟವನ್ನು ಏರಲು ಬೇಕಾಗುವ ಗಿಯರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಚಾಲಕರ ನಿಯಮದಂತೆ ನಿಧಾನವಾಗಿ ಇಳಿದೆವು. ಹಿಂದಿನ ಆಸನದಲ್ಲಿ ಮೊಮ್ಮಕ್ಕಳು ತಿರುವುಗಳನ್ನು ಎಣಿಸುತ್ತಿದ್ದರು. ಹದಿನಾಲ್ಕನೆಯದರಲ್ಲಿಯೂ ಪೆಡಲು ಗಟ್ಟಿಯಾಗಿಯೇ ಇದ್ದಿತು.

ಹಳೆಯ ಗಾಡಿಯುಳ್ಳ ಗೃಹಸ್ಥರು ಎಣ್ಣೆಯನ್ನು ಬೆಲೆಯಿಂದಲ್ಲ, ಅಂಗಕ್ಕೆ ತಕ್ಕುದೇ ಎಂಬುದರಿಂದ ಆರಿಸಬೇಕು. ಬ್ರೇಕಿನ ದ್ರವವನ್ನು ಎರಡು ವರ್ಷಗಳಿಗೊಮ್ಮೆ ಬದಲಿಸಿ, ಆ ದಿನವನ್ನು ಮನೆಯ ಪಂಚಾಂಗದ ಅಂಚಿನಲ್ಲಿ ಬರೆದಿಡುವುದು ಒಳ್ಳೆಯದು.